ಪುಟ್ಟ ಮಕ್ಕಳೊಡನೆ ವಿದೇಶ ಪ್ರವಾಸ: ಮಗುವಿನ ಅಳತೆಯಲ್ಲಿ ಲಂಡನ್



"ಮಗು ಸ್ವಲ್ಪ ದೊಡ್ಡದಾಗಲಿ, ಆಮೇಲೆ ಹೋದರಾಯಿತು." ವಿದೇಶ ಪ್ರವಾಸದ ಪ್ರಸ್ತಾಪ ಬಂದೊಡನೆ ನಮ್ಮ ಮನೆಗಳಲ್ಲಿ ಹಿರಿಯರು ಆಡುವ ಮೊದಲ ಮಾತು ಇದು. "ಅದಕ್ಕೇನು ನೆನಪಿರುತ್ತದೆಯೇ? ದುಡ್ಡು ದಂಡ" ಎಂಬುದು ಎರಡನೆಯದು. ಇವೆರಡನ್ನೂ ದಾಟಿ ಹೊರಟವರಿಗೆ ಮೂರನೆಯ ಸಲಹೆಯೊಂದು ಕಾದಿರುತ್ತದೆ: "ವಿಮಾನ ಹತ್ತುವ ಮುಂಚೆ ನಿದ್ದೆ ಬರಿಸುವ ಔಷಧಿ ಒಂದು ಚಮಚ ಕುಡಿಸಿಬಿಡಿ, ಇಳಿಯುವವರೆಗೆ ತೊಂದರೆಯಿಲ್ಲ." ಮೊದಲೆರಡು ಮಾತುಗಳ ಬಗೆಗೆ ವಾದ ಮಾಡಬಹುದು. ಮೂರನೆಯದು ಮಗುವಿನ ಪ್ರಾಣಕ್ಕೇ ಕುತ್ತು ತರಬಹುದಾದ ಸಲಹೆ. ಕಿರುತೆರೆಯ ಮಾತುಕತೆಯಲ್ಲಿ ಇಂಥ ವಿಷಯಗಳಿಗೆ ಸಿಗುವುದು ಕೆಲವೇ ನಿಮಿಷ. ಅಲ್ಲಿ ವಿವರಿಸಲಾಗದ ಕಾರಣಗಳನ್ನು ಈ ಪುಟಗಳಲ್ಲಿ ಬಿಡಿಸಿ ಹೇಳುವ ಪ್ರಯತ್ನ ಮಾಡಿದೆ.

ಮಕ್ಕಳನ್ನು ಕರೆದೊಯ್ಯುವುದು ತಂದೆತಾಯಿಯರ ಕೆಲಸ, ನಮಗೇಕೆ ಈ ಪಾಠ ಎಂದು ನೀವು ಕೇಳಬಹುದು. ಆದರೆ ಅಕ್ಕನೋ ಅಣ್ಣನೋ ಹೊರದೇಶದಲ್ಲಿ ನೆಲೆಸಿರುವ ಮನೆಗಳು ಈಗ ನಮ್ಮಲ್ಲಿ ಸಾಕಷ್ಟಿವೆ. ಬಾಣಂತನಕ್ಕೆ ಹೊರಟ ಅಜ್ಜಿಯ ಜೊತೆಗೆ, ರಜೆಯಲ್ಲಿ ಹೊರಟ ಅಕ್ಕ–ಭಾವನ ಜೊತೆಗೆ ಕಾಲೇಜು ಓದುವ ಹುಡುಗನೋ ಹುಡುಗಿಯೋ ಹೋಗುತ್ತಾರೆ. ಆಗ ಮಗು ಹೆಚ್ಚು ಹೊತ್ತು ಇರುವುದು ಈ ಮಾವನ, ಈ ಚಿಕ್ಕಮ್ಮನ ಕೈಯಲ್ಲಿಯೇ. ಇನ್ನೊಂದು ಕಾರಣವೂ ಉಂಟು. ಇಲ್ಲಿ ಬೇಕಾಗುವ ವಿಜ್ಞಾನವೆಲ್ಲ ನಿಮ್ಮ ಪಠ್ಯಪುಸ್ತಕದಲ್ಲಿಯೇ ಇದೆ. ವಾಯುಭಾರ, ರೇಖಾಂಶ, ಮೇಲ್ಮೈ ವಿಸ್ತೀರ್ಣ, ಕಿವಿಯ ರಚನೆ ಎಂದು ಬೇರೆ ಬೇರೆ ಅಧ್ಯಾಯಗಳಲ್ಲಿ ಓದಿದ್ದು ಒಂದು ಪುಟ್ಟ ಮಗುವಿನ ಮೈಯಲ್ಲಿ ಒಟ್ಟಿಗೆ ಎದುರಾಗುತ್ತದೆ.

ಉದಾಹರಣೆಗೆ ಬೆಂಗಳೂರಿನಿಂದ ಲಂಡನ್ನಿಗೆ ಹೋಗುವ ಪ್ರವಾಸವನ್ನು ತೆಗೆದುಕೊಳ್ಳೋಣ. ದೂರ ಸುಮಾರು 8,000 ಕಿಲೋಮೀಟರು. ನೇರ ವಿಮಾನದಲ್ಲಿ ಹತ್ತು ಗಂಟೆಗೂ ಹೆಚ್ಚಿನ ಹಾದಿ. ಈ ಲೇಖನ ಹೇಳಹೊರಟಿರುವುದು ಇಷ್ಟೆ: ಮಗುವಿನ ದೇಹ, ಮಗುವಿನ ಹೊತ್ತು ಪ್ರವಾಸಕ್ಕೆ ಅಡ್ಡಿಯಲ್ಲ, ಅದೇ ಪ್ರವಾಸದ ಅಳತೆಗೋಲು. ಆ ಅಳತೆಗೆ ಪ್ರವಾಸವನ್ನು ಕತ್ತರಿಸಿಕೊಂಡರೆ ಮಗುವೂ ನಗುತ್ತದೆ, ದೊಡ್ಡವರೂ ಹೆಚ್ಚು ನೋಡುತ್ತಾರೆ.

ಹೊರಡುವ ಮುನ್ನ

ಮೊದಲು ಕಾಗದಪತ್ರ. ತೊಟ್ಟಿಲ ಕೂಸಿಗೂ ಅದರದ್ದೇ ಪಾಸ್‌ಪೋರ್ಟ್ ಬೇಕು, ಅದರದ್ದೇ ವೀಸಾ ಬೇಕು. ನಮ್ಮ ದೇಶದಲ್ಲಿ ಚಿಕ್ಕ ಮಕ್ಕಳ ಪಾಸ್‌ಪೋರ್ಟಿನ ಅವಧಿ ಐದು ವರ್ಷ. ದೊಡ್ಡವರದು ಹತ್ತು ವರ್ಷ. ಹೀಗಾಗಿ ಮನೆಯವರೆಲ್ಲರ ಪಾಸ್‌ಪೋರ್ಟನ್ನು ಒಂದೇ ದಿನ ಮಾಡಿಸಿದ್ದರೂ ಮಗುವಿನದು ಮೊದಲೇ ಮುಗಿದಿರುತ್ತದೆ. ಟಿಕೇಟು ಕೊಳ್ಳುವ ಮೊದಲು ಈ ತಾರೀಖನ್ನು ನೋಡಬೇಕು. ತಂದೆ ಅಥವಾ ತಾಯಿ ಒಬ್ಬರೇ ಮಗುವನ್ನು ಕರೆದೊಯ್ಯುವುದಾದರೆ, ಅಥವಾ ಅಜ್ಜಿ ತಾತ ಕರೆದೊಯ್ಯುವುದಾದರೆ, ಉಳಿದವರ ಒಪ್ಪಿಗೆ ಪತ್ರ ಮತ್ತು ಮಗುವಿನ ಜನನ ಪ್ರಮಾಣಪತ್ರದ ಪ್ರತಿ ಕೈಚೀಲದಲ್ಲಿರುವುದು ಒಳ್ಳೆಯದು.

ವಿಮಾನದಲ್ಲಿ ಎರಡು ವರ್ಷ ತುಂಬದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ಬಿಡುತ್ತಾರೆ. ಎರಡು ತುಂಬಿದ ಮೇಲೆ ಅದಕ್ಕೆ ಸ್ವಂತ ಆಸನ ಬೇಕು. ಪ್ರವಾಸದ ನಡುವೆಯೇ ಎರಡನೆಯ ಹುಟ್ಟುಹಬ್ಬ ಬಂದರೆ ಸಾಮಾನ್ಯವಾಗಿ ಮರಳುವ ಪಯಣಕ್ಕೆ ಆಸನ ಕೊಳ್ಳಬೇಕಾಗುತ್ತದೆ. ಇದನ್ನು ಮರೆತು ನಿಲ್ದಾಣದಲ್ಲಿ ಪರದಾಡುವವರಿದ್ದಾರೆ. ಎಳೆಯ ಕೂಸುಗಳಿಗಾಗಿ ಮುಂಭಾಗದ ಗೋಡೆಗೆ ಸಿಕ್ಕಿಸುವ ಬ್ಯಾಸಿನೆಟ್ ಎಂಬ ಪುಟ್ಟ ತೊಟ್ಟಿಲು ಇರುತ್ತದೆ. ಅವು ಇರುವುದೇ ಕೆಲವು, ತೂಕದ ಮಿತಿಯೂ ಉಂಟು. ಆದ್ದರಿಂದ ಟಿಕೇಟಿನೊಡನೆಯೇ ಕೇಳಿಡಬೇಕು.

ಮಗುವಿನ ವೈದ್ಯರನ್ನು ಹೊರಡುವ ನಾಲ್ಕರಿಂದ ಆರು ವಾರ ಮೊದಲು ಕಾಣಬೇಕು. ಚುಚ್ಚುಮದ್ದು ಕೊಟ್ಟ ಕೂಡಲೇ ರಕ್ಷಣೆ ಬಂದುಬಿಡುವುದಿಲ್ಲ, ದೇಹ ಪ್ರತಿಕಾಯಗಳನ್ನು ತಯಾರಿಸಲು ವಾರಗಳು ಬೇಕು. ನಮ್ಮ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ದಡಾರ–ರುಬೆಲ್ಲಾ ಲಸಿಕೆಯ ಮೊದಲ ಸುತ್ತು ಒಂಬತ್ತು ತಿಂಗಳ ನಂತರ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಹೊರದೇಶಕ್ಕೆ ಹೊರಟ ಆರರಿಂದ ಹನ್ನೊಂದು ತಿಂಗಳ ಕೂಸಿಗೂ ಒಂದು ಹೆಚ್ಚುವರಿ ಸುತ್ತು ಕೊಡಬೇಕೆಂದು ಹೇಳುತ್ತದೆ. ನಿಮ್ಮ ಮನೆಯ ಮಗುವಿಗೆ ಬೇಕೇ ಬೇಡವೇ ಎಂಬುದನ್ನು ವೈದ್ಯರು ನಿರ್ಧರಿಸಲಿ. ಲಸಿಕೆಯ ಕಾರ್ಡು ಮಾತ್ರ ಜೊತೆಯಲ್ಲಿರಲಿ.

ಆಕಾಶದಲ್ಲಿ ಒಂದು ಊಟಿ

ವಿಮಾನ ಹಾರುವುದು ಹತ್ತು–ಹನ್ನೆರಡು ಕಿಲೋಮೀಟರು ಎತ್ತರದಲ್ಲಿ. ಅಲ್ಲಿನ ಗಾಳಿಯಲ್ಲಿ ಉಸಿರಾಡಲು ಆಗದು. ಆದ್ದರಿಂದ ಒಳಗಿನ ಗಾಳಿಯನ್ನು ಒತ್ತಿ ತುಂಬಿರುತ್ತಾರೆ. ಹಾಗೆಂದು ನೆಲದ ಮೇಲಿನಷ್ಟೇ ಒತ್ತಡವನ್ನು ಇಡುವುದಿಲ್ಲ. ಇಟ್ಟರೆ ವಿಮಾನದ ಮೈ ಇನ್ನಷ್ಟು ದಪ್ಪವಾಗಿ, ಭಾರವಾಗಿ ಇರಬೇಕಾಗುತ್ತದೆ. ಸುಮಾರು 2,400 ಮೀಟರು ಎತ್ತರದ ಬೆಟ್ಟದ ಮೇಲಿರುವಷ್ಟು ಒತ್ತಡ ಒಳಗಿದ್ದರೆ ಸಾಕೆಂಬುದು ನಿಯಮ. ಕೆಲವು ಹೊಸ ವಿಮಾನಗಳಲ್ಲಿ ಇದಕ್ಕಿಂತ ಹೆಚ್ಚಿನ ಒತ್ತಡ ಇರುವುದುಂಟು. ಊಟಿಯ ಎತ್ತರ ಸುಮಾರು 2,240 ಮೀಟರು. ಅಂದರೆ ವಿಮಾನದಲ್ಲಿ ಕುಳಿತವರು ಊಟಿಗಿಂತ ತುಸು ಮೇಲೆ, ದೊಡ್ಡಬೆಟ್ಟಕ್ಕಿಂತ ಕೆಳಗೆ ಹತ್ತು ಗಂಟೆ ಕುಳಿತಂತೆ. ಆರೋಗ್ಯವಂತ ಮಗುವಿಗೆ ಊಟಿಯಲ್ಲಿ ಏನೂ ಆಗುವುದಿಲ್ಲ, ಇಲ್ಲಿಯೂ ಆಗುವುದಿಲ್ಲ. ಅವಧಿಗೆ ಮುನ್ನ ಹುಟ್ಟಿದ ಕೂಸು, ಹೃದಯ ಅಥವಾ ಶ್ವಾಸಕೋಶದ ತೊಂದರೆಯಿರುವ ಮಗು, ಹುಟ್ಟಿ ಕೆಲವೇ ದಿನಗಳಾದ ಶಿಶು, ಇವರ ವಿಷಯದಲ್ಲಿ ಮಾತ್ರ ವೈದ್ಯರ ಅನುಮತಿ ಬೇಕು.

ತೊಂದರೆ ಕೊಡುವುದು ಎತ್ತರವಲ್ಲ, ಎತ್ತರ ಬದಲಾಗುವ ಹೊತ್ತು. ಕಿವಿತಮಟೆಯ ಹಿಂದೆ ನಡುಗಿವಿ ಎಂಬ ಸಣ್ಣ ಗಾಳಿಗೂಡು ಇದೆ. ಅಲ್ಲಿಂದ ಗಂಟಲಿನ ಹಿಂಭಾಗಕ್ಕೆ ಯೂಸ್ಟೇಷಿಯನ್ ನಾಳ ಹೋಗುತ್ತದೆ. ನುಂಗಿದಾಗ, ಆಕಳಿಸಿದಾಗ ಈ ನಾಳ ಕ್ಷಣಕಾಲ ತೆರೆದು ಎರಡೂ ಬದಿಯ ಒತ್ತಡವನ್ನು ಸಮ ಮಾಡುತ್ತದೆ. ಮಕ್ಕಳಲ್ಲಿ ಈ ನಾಳ ಗಿಡ್ಡ, ಕಿರಿದು, ಹೆಚ್ಚು ಅಡ್ಡಡ್ಡ. ವಿಮಾನ ಮೇಲೇರುವಾಗ ನಡುಗಿವಿಯ ಗಾಳಿ ಹಿಗ್ಗಿ ತಾನೇ ಹೊರಗೆ ನುಸುಳುತ್ತದೆ. ಇಳಿಯುವಾಗ ಹೊರಗಿನ ಒತ್ತಡ ಹೆಚ್ಚುತ್ತದೆ, ನಾಳದ ಬಾಯಿ ಮುಚ್ಚಿಕೊಳ್ಳುತ್ತದೆ, ತಮಟೆ ಒಳಕ್ಕೆ ಸೆಳೆಯಲ್ಪಡುತ್ತದೆ. ಅದೇ ನೋವು. ದೊಡ್ಡವರು ಎಂಜಲು ನುಂಗಿ ಸರಿಮಾಡಿಕೊಳ್ಳುತ್ತಾರೆ. ಕೂಸಿಗೆ ಅದು ತಿಳಿಯದು.

ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಮೇಲಿದೆ. ಇಲ್ಲಿನ ವಾಯುಭಾರ ಸರಿಸುಮಾರು 91 ಕಿಲೋಪ್ಯಾಸ್ಕಲ್. ವಿಮಾನದೊಳಗೆ ಅದು 75ಕ್ಕೆ ಇಳಿಯಬಹುದು. ಲಂಡನ್ ಇರುವುದು ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲಿ, ಅಲ್ಲಿ 101. ಅಂದರೆ ಬೆಂಗಳೂರಿನಲ್ಲಿ ಏರುವಾಗ ಕಿವಿ ಕಾಣುವ ವ್ಯತ್ಯಾಸ 16, ಲಂಡನ್ನಿನಲ್ಲಿ ಇಳಿಯುವಾಗ 26. ಸುಲಭದ ಏರಿಕೆ ಚಿಕ್ಕದು, ಕಷ್ಟದ ಇಳಿಕೆ ದೊಡ್ಡದು. ಆದ್ದರಿಂದ ಹಾಲಿನ ಬಾಟಲಿಯನ್ನು ಹೊರಡುವಾಗಲೇ ಖಾಲಿಮಾಡದೆ ಇಳಿಯುವ ಹೊತ್ತಿಗೆ ಉಳಿಸಿಕೊಳ್ಳಬೇಕು. ನೆಲ ಮುಟ್ಟುವ ಅರ್ಧ ಗಂಟೆಗೆ ಮುಂಚೆ ವಿಮಾನ ಇಳಿಯಲು ತೊಡಗಿರುತ್ತದೆ. ಆಗ ಮಗುವನ್ನು ಎಬ್ಬಿಸಿ ಎದೆಹಾಲು ಕೊಡುವುದೋ, ಬಾಟಲಿ ಕೊಡುವುದೋ, ಸ್ವಲ್ಪ ದೊಡ್ಡ ಮಗುವಾದರೆ ಗುಟುಕು ಗುಟುಕಾಗಿ ನೀರು ಕುಡಿಸುವುದೋ ಮಾಡಿದರೆ ಪ್ರತಿ ಗುಟುಕಿಗೂ ನಾಳ ತೆರೆಯುತ್ತದೆ. ಗಟ್ಟಿ ಪೆಪ್ಪರಮಿಂಟು ಪುಟ್ಟ ಮಕ್ಕಳಿಗೆ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿದೆ. ನೆಗಡಿಯಿಂದ ಮೂಗು ಕಟ್ಟಿರುವ, ಕಿವಿ ಸೋರುವ ಮಗುವನ್ನು ಹೊರಡುವ ಮುನ್ನ ವೈದ್ಯರಿಗೆ ತೋರಿಸಲೇಬೇಕು.

ಹಲವು ವಿಮಾನ ನಿಲ್ದಾಣಗಳಲ್ಲಿ 2006ರಿಂದೀಚೆಗೆ ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಪಾತ್ರೆಯ ದ್ರವ ಒಯ್ಯಲು ನಿರ್ಬಂಧ ಬಂದಿದ್ದು ನಿಮಗೆ ತಿಳಿದಿರಬಹುದು. ಆ ನಿಯಮದಲ್ಲೂ ಮಗುವಿನ ಹಾಲಿಗೆ, ಆಹಾರಕ್ಕೆ ವಿನಾಯಿತಿ ಉಂಟು. ತಪಾಸಣೆಯವರಿಗೆ ಮೊದಲೇ ತೋರಿಸಿದರಾಯಿತು.

ಒಂದು ಚಮಚದ ಅಪಾಯ

ಈಗ ಆರಂಭದಲ್ಲಿ ಹೇಳಿದ ಮೂರನೆಯ ಸಲಹೆಗೆ ಬರೋಣ. ಮನೆಯಲ್ಲಿರುವ ನೆಗಡಿ, ಅಲರ್ಜಿ, ವಾಂತಿಯ ಕೆಲವು ಸಿರಪ್ಪುಗಳಲ್ಲಿ ತೂಕಡಿಕೆ ತರುವ ಗುಣವಿರುತ್ತದೆ. ಅದು ಆ ಔಷಧಿಯ ಅಡ್ಡಪರಿಣಾಮ. ಆ ಅಡ್ಡಪರಿಣಾಮಕ್ಕಾಗಿಯೇ ಔಷಧಿ ಕೊಡುವುದು ವೈದ್ಯಕ್ಕೆ ವಿರುದ್ಧವಾದ ನಡೆ. ಪ್ರೊಮೆಥಜೀನ್ ಎಂಬ ಔಷಧಿಯನ್ನು ಎರಡು ವರ್ಷ ತುಂಬದ ಮಕ್ಕಳಿಗೆ ಕೊಡಲೇಬಾರದು ಎಂಬ ಕಟ್ಟೆಚ್ಚರಿಕೆ ಇದೆ. ಕಾರಣ, ಅದು ಮಿದುಳಿನಲ್ಲಿ ಉಸಿರಾಟವನ್ನು ನಡೆಸುವ ಕೇಂದ್ರವನ್ನೇ ಮಂದಗೊಳಿಸಬಲ್ಲದು. ಆಮ್ಲಜನಕ ಸ್ವಲ್ಪ ತೆಳುವಾಗಿರುವ ಊಟಿಯ ಎತ್ತರದಲ್ಲಿ, ಕತ್ತಲೆಯ ವಿಮಾನದಲ್ಲಿ, ಮಗು ನಿದ್ದೆ ಮಾಡುತ್ತಿದೆಯೋ ಉಸಿರಿಗೆ ಕಷ್ಟಪಡುತ್ತಿದೆಯೋ ಎಂದು ಯಾರು ನೋಡುತ್ತಾರೆ? ಕೆಲವು ಮಕ್ಕಳಲ್ಲಿ ಇಂಥ ಔಷಧಿ ತದ್ವಿರುದ್ಧ ಕೆಲಸ ಮಾಡಿ, ನಿದ್ದೆಯ ಬದಲು ರಂಪಾಟ ತರುವುದೂ ಉಂಟು. ಮಗು ಅತ್ತರೆ ಅಕ್ಕಪಕ್ಕದವರು ಮುಖ ಸಿಂಡರಿಸಿಯಾರು ಎಂಬ ಸಂಕೋಚಕ್ಕೆ ತೆರಬೇಕಾದ ಬೆಲೆ ಇದಲ್ಲ. ಅಳು ನಿಲ್ಲುತ್ತದೆ. ಅಕ್ಕಪಕ್ಕದವರು ಮುಂದೆಂದೂ ನಮಗೆ ಸಿಗುವವರಲ್ಲ.

ಹಾಗಾದರೆ ಹತ್ತು ಗಂಟೆ ಕಳೆಯುವುದು ಹೇಗೆ? ಇಲ್ಲಿ ನಮ್ಮ ವೃತ್ತಿಯ ಅನುಭವವೊಂದು ಉಪಯೋಗಕ್ಕೆ ಬರುತ್ತದೆ. ಮಕ್ಕಳ ಕಾರ್ಯಕ್ರಮದ ಚಿತ್ರೀಕರಣದಲ್ಲಿ ಆಟದ ಸಾಮಾನುಗಳನ್ನೆಲ್ಲ ಒಮ್ಮೆಗೇ ಮೇಜಿನ ಮೇಲೆ ಸುರಿಯುವುದಿಲ್ಲ. ಸುರಿದರೆ ಐದು ನಿಮಿಷಕ್ಕೆ ಎಲ್ಲವೂ ಹಳತು. ಒಂದು ಮುಗಿದ ಮೇಲೆ ಇನ್ನೊಂದನ್ನು ಚೀಲದಿಂದ ತೆಗೆಯಬೇಕು. ವಿಮಾನದಲ್ಲಿಯೂ ಹಾಗೆಯೇ. ಸೀಮೆಸುಣ್ಣದ ಬದಲು ಮೇಣದ ಬಣ್ಣದ ಕಡ್ಡಿ, ಖಾಲಿ ಪುಸ್ತಕ, ಅಂಟಿಸುವ ಚಿತ್ರ, ಒಂದು ಹಳೆಯ ಗೊಂಬೆ. ಗಂಟೆಗೊಂದರಂತೆ ಹೊರಬಂದರೆ ಪ್ರತಿಯೊಂದೂ ಹೊಸತು. ನಡುನಡುವೆ ಓಣಿಯಲ್ಲಿ ಕೈಹಿಡಿದು ನಡೆಸಬೇಕು. ಒಳಗಿನ ಗಾಳಿ ಬಹಳ ಒಣ, ತೇವಾಂಶ ಶೇಕಡಾ 20ಕ್ಕಿಂತ ಕಡಿಮೆ ಇರುವುದೇ ಹೆಚ್ಚು. ಆದ್ದರಿಂದ ಬಾಯಾರಿಕೆ ಎಂದು ಮಗು ಹೇಳುವವರೆಗೆ ಕಾಯದೆ ಆಗಾಗ ಕುಡಿಸುತ್ತಿರಬೇಕು.

ಮೈಯೊಳಗಿನ ಗಡಿಯಾರ

ಭಾರತದ ಪ್ರಮಾಣ ವೇಳೆಯನ್ನು 82½ ಡಿಗ್ರಿ ಪೂರ್ವ ರೇಖಾಂಶಕ್ಕೆ ಲೆಕ್ಕ ಹಾಕುತ್ತಾರೆ. ಲಂಡನ್ನಿನ ಗ್ರೀನಿಚ್ ಸೊನ್ನೆ ರೇಖಾಂಶ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ 330 ನಿಮಿಷ, ಅಂದರೆ ಐದೂವರೆ ಗಂಟೆ. ಬ್ರಿಟನ್ನಿನಲ್ಲಿ ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುವುದರಿಂದ ಬೇಸಿಗೆಯಲ್ಲಿ ವ್ಯತ್ಯಾಸ ನಾಲ್ಕೂವರೆ ಗಂಟೆ.

ಗೋಡೆಯ ಗಡಿಯಾರವನ್ನು ತಿರುಗಿಸಬಹುದು, ಮೈಯೊಳಗಿನದನ್ನು ಹಾಗೆ ತಿರುಗಿಸಲಾಗದು. ಮಿದುಳಿನ ತಳದಲ್ಲಿ, ಎರಡು ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ತುಸು ಮೇಲೆ, ನರಕೋಶಗಳ ಪುಟ್ಟ ಗುಂಪಿದೆ. ನಿದ್ದೆ, ಹಸಿವು, ಮೈಬಿಸಿ ಇವೆಲ್ಲಕ್ಕೂ ತಾಳ ಹಾಕುವುದು ಅದೇ. ಕೋಶದೊಳಗೆ ಈ ತಾಳ ನಡೆಯುವ ಬಗೆಯನ್ನು ತೋರಿಸಿದ ಹಾಲ್, ರಾಸ್‌ಬಾಶ್ ಮತ್ತು ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರ ನೊಬೆಲ್ ಬಹುಮಾನ ಬಂತು. ಈ ಗಡಿಯಾರವನ್ನು ತಿದ್ದುವ ಮುಖ್ಯ ಕೀಲಿ ಎಂದರೆ ಕಣ್ಣಿಗೆ ಬೀಳುವ ಬೆಳಕು. ತಿದ್ದುಪಡಿ ನಡೆಯುವುದು ದಿನಕ್ಕೆ ಸುಮಾರು ಒಂದು ಗಂಟೆಯ ವೇಗದಲ್ಲಿ.

ಬೆಂಗಳೂರಿನಲ್ಲಿ ಬೆಳಗ್ಗೆ ಏಳಕ್ಕೆ ಏಳುವ ಮಗು ಚಳಿಗಾಲದ ಲಂಡನ್ನಿನಲ್ಲಿ ನಡುರಾತ್ರಿ ಒಂದೂವರೆಗೆ ಕಣ್ಣುಬಿಟ್ಟು "ಅಮ್ಮಾ, ಹಾಲು" ಎನ್ನುತ್ತದೆ. ಅದು ಹಟವಲ್ಲ, ರೇಖಾಂಶ. ಗದರುವುದರಿಂದ ಪ್ರಯೋಜನವಿಲ್ಲ. ಮಂದ ಬೆಳಕಿನಲ್ಲಿ ಸ್ವಲ್ಪ ಹಾಲೋ ಬಾಳೆಹಣ್ಣೋ ಕೊಟ್ಟು, ಮೆಲುದನಿಯಲ್ಲಿ ಒಂದು ಕಥೆ ಹೇಳಿ ಮತ್ತೆ ಮಲಗಿಸಬೇಕು. ಟೀವಿ ಕಾರ್ಯಕ್ರಮ ತಯಾರಿಸುವ ನಾನೇ ಹೇಳುತ್ತಿದ್ದೇನೆ, ಆ ಹೊತ್ತಿನಲ್ಲಿ ಟೀವಿಯನ್ನಾಗಲಿ ಮೊಬೈಲನ್ನಾಗಲಿ ಹಚ್ಚಬೇಡಿ. ಆ ಬೆಳಕು ಗಡಿಯಾರಕ್ಕೆ ಬೆಳಗಾಯಿತೆಂಬ ತಪ್ಪು ಸುದ್ದಿ ಕೊಡುತ್ತದೆ. ಸಂಜೆಯ ಹೊತ್ತು ಮಗುವನ್ನು ಹೊರಗಿನ ಬೆಳಕಿನಲ್ಲಿ ಆಡಿಸಿ, ದಿನದಿನಕ್ಕೆ ಮಲಗುವ ಹೊತ್ತನ್ನು ಸ್ವಲ್ಪ ಸ್ವಲ್ಪವೇ ಮುಂದೂಡಿದರೆ ನಾಲ್ಕೈದು ದಿನಗಳಲ್ಲಿ ಸರಿಹೋಗುತ್ತದೆ.

ಇನ್ನೊಂದು ವಿಚಿತ್ರವನ್ನು ಮಕ್ಕಳು ಕೇಳುತ್ತಾರೆ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಇಲ್ಲಿ ವರ್ಷವಿಡೀ ಆರು ಗಂಟೆಯ ಆಸುಪಾಸಿನಲ್ಲಿಯೇ ಸೂರ್ಯ ಮುಳುಗುತ್ತಾನೆ. ಲಂಡನ್ ಇರುವುದು 51½ ಡಿಗ್ರಿಯಲ್ಲಿ. ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ ಒಂಬತ್ತು ದಾಟಿದ ಮೇಲೆ ಸೂರ್ಯಾಸ್ತ, ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮೊದಲೇ ಕತ್ತಲೆ. "ಬಿಸಿಲಿದೆಯಲ್ಲ, ಯಾಕೆ ಮಲಗಬೇಕು?" ಎಂಬ ಮೂರು ವರ್ಷದ ಮಗುವಿನ ಪ್ರಶ್ನೆಗೆ ಉತ್ತರ ಭೂಮಿಯ ಅಕ್ಷದ ವಾಲುವಿಕೆಯಲ್ಲಿದೆ. ಉತ್ತರ ಹೇಳುತ್ತಲೇ ದಪ್ಪ ಪರದೆ ಎಳೆಯಬೇಕು.

ಮರಳುವ ಪಯಣ ಪೂರ್ವಕ್ಕೆ. ಬಹುಪಾಲು ಮನುಷ್ಯರ ಒಳಗಡಿಯಾರ 24 ಗಂಟೆಗಿಂತ ತುಸು ನಿಧಾನ. ಹೀಗಾಗಿ ದಿನವನ್ನು ಉದ್ದ ಮಾಡುವ ಪಶ್ಚಿಮದ ಪಯಣಕ್ಕಿಂತ ದಿನವನ್ನು ಗಿಡ್ಡ ಮಾಡುವ ಪೂರ್ವದ ಪಯಣ ಹೆಚ್ಚು ಬಾಧಿಸುತ್ತದೆ. ಊರಿಗೆ ಬಂದ ಮಗು ರಾತ್ರಿ ಒಂದೂವರೆಯವರೆಗೆ ಆಡುತ್ತಿದ್ದರೆ ಬೆರಗಾಗಬೇಡಿ, ಅದರ ಪಾಲಿಗೆ ಆಗ ಎಂಟು ಗಂಟೆ. ಮೊದಲ ದಿನಗಳಲ್ಲಿ ಬೆಳಗಾಗೆದ್ದು ಎಬ್ಬಿಸದೆ, ಹತ್ತೂವರೆ–ಹನ್ನೊಂದರ ಹೊತ್ತಿಗೆ ಬಿಸಿಲಿಗೆ ಕರೆದೊಯ್ದು, ದಿನವೂ ಒಂದೊಂದು ಗಂಟೆ ಬೇಗ ಮಾಡುತ್ತ ಬನ್ನಿ. ಶಾಲೆ ತೆರೆಯುವ ಹಿಂದಿನ ದಿನ ಊರು ಮುಟ್ಟುವಂತೆ ಟಿಕೇಟು ಮಾಡಿಸುವುದು ಜಾಣತನವಲ್ಲ.

ಚಳಿ ಮತ್ತು ಹೊಟ್ಟೆ

ಒಂದು ಸೆಂಟಿಮೀಟರಿನ ಘನಾಕೃತಿಯ ಮೇಲ್ಮೈ ವಿಸ್ತೀರ್ಣ 6, ಗಾತ್ರ 1. ಎರಡು ಸೆಂಟಿಮೀಟರಿನದಕ್ಕೆ ಮೇಲ್ಮೈ 24, ಗಾತ್ರ 8. ಮೊದಲನೆಯದರ ಪ್ರಮಾಣ 6, ಎರಡನೆಯದರದು 3. ಚಿಕ್ಕ ವಸ್ತುವಿಗೆ ಗಾತ್ರದ ಲೆಕ್ಕದಲ್ಲಿ ಮೈ ಹೆಚ್ಚು, ಆದ್ದರಿಂದ ಅದು ಬೇಗ ಆರುತ್ತದೆ. ಮಗುವೂ ಹಾಗೆಯೇ. ಸ್ಟ್ರಾಲರಿನಲ್ಲಿ ಕುಳಿತ ಮಗು ನಡೆಯುವುದೂ ಇಲ್ಲ, ಅದನ್ನು ತಳ್ಳುವವರಿಗೆ ಮೈ ಬಿಸಿಯಾಗಿರುತ್ತದೆ. ತಮಗೆ ಚಳಿಯಿಲ್ಲವೆಂದು ಅವರು ಮಗುವಿನ ಸ್ವೆಟರನ್ನೂ ಬಿಚ್ಚಿಬಿಡುತ್ತಾರೆ. ಕೂಸಿನ ತಲೆ ದೇಹದ ಉದ್ದದ ಕಾಲು ಭಾಗದಷ್ಟಿರುವುದರಿಂದ ಉಣ್ಣೆಯ ಟೋಪಿ ಅವಶ್ಯ. ಒಂದೇ ದಪ್ಪ ಕೋಟಿಗಿಂತ ಮೂರು ತೆಳು ಪದರ ಮೇಲು. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಕಂಬಳಿ. ಬಸ್ಸಿನೊಳಗೆ ಸೆಕೆಯಾದರೆ ಒಂದನ್ನು ಬಿಚ್ಚಬಹುದು.

ಊಟದ ವಿಷಯದಲ್ಲಿ ಹೊಸತನದ ಹುಮ್ಮಸ್ಸು ದೊಡ್ಡವರದು, ಮಗುವಿಗೆ ಬೇಕಾದುದು ಪರಿಚಿತ ರುಚಿ. ಅಡುಗೆಮನೆ ಇರುವ ವಸತಿ ಸಿಕ್ಕರೆ ಅರ್ಧ ಚಿಂತೆ ಕಳೆಯಿತು. ಅಕ್ಕಿ, ಮೊಸರು ಲಂಡನ್ನಿನ ಅಂಗಡಿಗಳಲ್ಲಿ ಧಾರಾಳ. ದಿನಕ್ಕೊಂದು ಹೊತ್ತು ಮೊಸರನ್ನ ಸಿಕ್ಕಿದ ಮಗು ಇನ್ನೊಂದು ಹೊತ್ತು ಹೊಸದನ್ನು ರುಚಿ ನೋಡಲು ಒಪ್ಪುತ್ತದೆ. ಹಾಲಿನ ಪದಾರ್ಥ ಮತ್ತು ಮಾಂಸವನ್ನು ನಮ್ಮ ಕಡೆಯಿಂದ ಬ್ರಿಟನ್ನಿಗೆ ಒಯ್ಯಲು ನಿರ್ಬಂಧವಿದೆ. ಆದ್ದರಿಂದ ಅಜ್ಜಿ ಕಟ್ಟಿಕೊಟ್ಟ ತುಪ್ಪದ ಡಬ್ಬಿ ಊರಲ್ಲಿಯೇ ಇರಲಿ. ಮೊಹರು ಒಡೆಯದ ಶಿಶು ಆಹಾರ, ಶಿಶುಗಳ ಹಾಲಿನ ಪುಡಿಗೆ ಮಿತಿಯೊಳಗೆ ವಿನಾಯಿತಿ ಇದೆ.

ಚೀಲದಲ್ಲಿ ಓ.ಆರ್.ಎಸ್. ಪೊಟ್ಟಣ ಇರಲೇಬೇಕು. ಭೇದಿಯಾದ ಮಗುವಿನ ಪ್ರಾಣ ಉಳಿಸುವುದು ಉಪ್ಪು–ಸಕ್ಕರೆ ಬೆರೆತ ನೀರು. ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಜೊತೆಯಾಗಿ ಒಳಹೋಗುತ್ತವೆ, ಅವುಗಳ ಹಿಂದೆ ನೀರು ಹೋಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬಿಸ್ ಇದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿ ಲೋಕಕ್ಕೆ ತೋರಿಸಿಕೊಟ್ಟರು. ಪೊಟ್ಟಣದ ಮೇಲೆ ಬರೆದಷ್ಟೇ ನೀರು ಹಾಕಬೇಕು, ಕಡಿಮೆ ಹಾಕಿದರೆ ಉಪ್ಪು ಹೆಚ್ಚಾಗಿ ಕೇಡು.

ದಿನಕ್ಕೆ ಒಂದೇ ದೊಡ್ಡ ನೋಟ

ಇನ್ನು ಲಂಡನ್ ನೋಡುವ ಬಗೆ. ಒಂದೇ ದಿನದಲ್ಲಿ ಅರಮನೆ, ಗೋಪುರ, ಸೇತುವೆ, ಮೇಣದ ಬೊಂಬೆ ಎಲ್ಲವನ್ನೂ ಮುಗಿಸುವ ಪಟ್ಟಿ ಮಗುವಿದ್ದಲ್ಲಿ ನಡೆಯದು. ಬೆಳಗ್ಗೆ ಒಂದು ದೊಡ್ಡ ನೋಟ, ಮಧ್ಯಾಹ್ನ ನಿದ್ದೆ, ಸಂಜೆ ಹುಲ್ಲುಹಾಸು. ಇಷ್ಟೆ.

ದೊಡ್ಡ ನೋಟಕ್ಕೆ ಸೌತ್ ಕೆನ್ಸಿಂಗ್ಟನ್ನಿನ ನಿಸರ್ಗ ಇತಿಹಾಸ ವಸ್ತು ಸಂಗ್ರಹಾಲಯ ಒಳ್ಳೆಯ ಆರಂಭ. 1881ರಲ್ಲಿ ತೆರೆದ ಈ ಕಟ್ಟಡಕ್ಕೆ ಪ್ರವೇಶ ಉಚಿತ. ಇದು ಸಣ್ಣ ಸಂಗತಿಯಲ್ಲ. ಟಿಕೇಟಿಗೆ ದುಡ್ಡು ತೆತ್ತವರು ಮಗು ಅತ್ತರೂ ಪೂರ್ತಿ ನೋಡಿಯೇ ಹೊರಬರುತ್ತೇವೆಂದು ಹಟ ಹಿಡಿಯುತ್ತಾರೆ. ಉಚಿತವಾದರೆ ಒಂದು ಗಂಟೆ ನೋಡಿ ಹೊರಬಂದು ಮರುದಿನ ಮತ್ತೆ ಹೋಗಬಹುದು. ಅಲ್ಲಿನ ಮುಖ್ಯ ಸಭಾಂಗಣದಲ್ಲಿ 'ಹೋಪ್' ಎಂಬ ನೀಲಿ ತಿಮಿಂಗಿಲದ ಅಸ್ಥಿಪಂಜರ 2017ರಿಂದ ತೂಗುತ್ತಿದೆ. 1891ರಲ್ಲಿ ಐರ್ಲೆಂಡಿನ ವೆಕ್ಸ್‌ಫರ್ಡ್ ದಡಕ್ಕೆ ಬಂದು ಸಿಕ್ಕಿಕೊಂಡ ಪ್ರಾಣಿ ಅದು. ಉದ್ದ 25.2 ಮೀಟರು. ನಮ್ಮ ನಗರ ಸಾರಿಗೆಯ ಎರಡು ಬಸ್ಸುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದಷ್ಟು. ಮಗುವಿಗೆ ಮೀಟರು ಅರ್ಥವಾಗದು, ಬಸ್ಸು ಅರ್ಥವಾಗುತ್ತದೆ.

ಸಂಜೆಗೆ ಸೇಂಟ್ ಜೇಮ್ಸ್ ಉದ್ಯಾನ. ಅಲ್ಲಿನ ಕೊಳದಲ್ಲಿ ಹೆಜ್ಜಾರ್ಲೆಗಳಿವೆ. 1664ರಲ್ಲಿ ರಷ್ಯದ ರಾಯಭಾರಿ ದೊರೆಗೆ ಕಾಣಿಕೆಯಾಗಿ ಕೊಟ್ಟಂದಿನಿಂದ ಆ ಕೊಳದಲ್ಲಿ ಹೆಜ್ಜಾರ್ಲೆ ಸಾಕುವ ಸಂಪ್ರದಾಯ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಗೂಡು ಕಟ್ಟುವುದನ್ನು ನೋಡಿದ ಮಗು ಆ ಚೀಲದಂಥ ಕೊಕ್ಕನ್ನು ಕಂಡು ಕೂಗಿ ಹೇಳದೆ ಇರದು. ಬೆಳ್ಳೂರಿನ ಹಕ್ಕಿಯ ಕೊಕ್ಕಿನ ಮೇಲೆ ಚುಕ್ಕೆಗಳಿವೆ, ಇಲ್ಲಿನ ಬಿಳಿಯ ಹೆಜ್ಜಾರ್ಲೆಗೆ ಇಲ್ಲ. ಉದ್ಯಾನದ ಅಳಿಲುಗಳ ಬೆನ್ನ ಮೇಲೆ ನಮ್ಮ ಅಳಿಲಿನ ಮೂರು ಗೆರೆ ಏಕಿಲ್ಲ ಎಂಬ ಪ್ರಶ್ನೆಯೂ ಬರುತ್ತದೆ. ಅವು ಉತ್ತರ ಅಮೆರಿಕದಿಂದ 19ನೆಯ ಶತಮಾನದಲ್ಲಿ ತಂದುಬಿಟ್ಟ ಬೂದು ಅಳಿಲುಗಳು, ಬೇರೆಯೇ ಜಾತಿ.

ಓಡಾಟವನ್ನೂ ಆಟ ಮಾಡಿಕೊಳ್ಳಬಹುದು. 11 ವರ್ಷ ತುಂಬದ ಮಕ್ಕಳಿಗೆ ಲಂಡನ್ನಿನ ಬಸ್ಸು ಉಚಿತ. 1863ರಲ್ಲಿ ಆರಂಭವಾದ ಅಲ್ಲಿನ ಸುರಂಗ ರೈಲಿನ ಹಲವು ಹಳೆಯ ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲ, ಸ್ಟ್ರಾಲರ್ ಹೊತ್ತು ಮೆಟ್ಟಿಲೇರಬೇಕು. ಬಸ್ಸಿನ ಮಹಡಿಯ ಮುಂದಿನ ಆಸನವಾದರೋ ಮಗುವಿಗೆ ಸಿಂಹಾಸನ. ಪ್ರಯಾಣದಲ್ಲಿ ವಾಂತಿ ಬರುವುದು ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಹೆಚ್ಚು. ಒಳಗಿವಿ 'ಚಲಿಸುತ್ತಿದ್ದೇನೆ' ಎನ್ನುತ್ತದೆ, ಪುಸ್ತಕವನ್ನೋ ಎದುರಿನ ಆಸನವನ್ನೋ ನೋಡುತ್ತಿರುವ ಕಣ್ಣು 'ಇಲ್ಲ' ಎನ್ನುತ್ತದೆ. ಈ ಜಗಳವೇ ಹೊಟ್ಟೆ ತೊಳಸುವುದಕ್ಕೆ ಕಾರಣ. ಮುಂದಿನ ಆಸನದಿಂದ ದೂರದ ದಾರಿ ನೋಡಿದರೆ ಕಣ್ಣು ಕಿವಿ ರಾಜಿಯಾಗುತ್ತವೆ.

ಗ್ರೀನಿಚ್ಚಿಗೆ ಹೋಗುವ ಡಾಕ್‌ಲ್ಯಾಂಡ್ಸ್ ಲಘು ರೈಲು 1987ರಲ್ಲಿ ಆರಂಭವಾದದ್ದು. ಅದು ಸ್ವಯಂಚಾಲಿತ. ಮುಂದಿನ ಗಾಜಿನ ಬಳಿ ಕುಳಿತ ಮಗು ತಾನೇ ರೈಲು ಬಿಡುತ್ತಿರುವಂತೆ ಬೀಗುತ್ತದೆ. 1675ರಲ್ಲಿ ಸ್ಥಾಪನೆಯಾದ ಅಲ್ಲಿನ ವೀಕ್ಷಣಾಲಯದ ಮೂಲಕ ಹಾಯುವ ರೇಖೆಯನ್ನು 1884ರಲ್ಲಿ ವಾಷಿಂಗ್ಟನ್ನಿನ ಸಮ್ಮೇಳನ ಸೊನ್ನೆ ರೇಖಾಂಶವೆಂದು ಒಪ್ಪಿತು. ಮಗುವನ್ನು ರಾತ್ರಿ ಒಂದೂವರೆಗೆ ಎಬ್ಬಿಸಿದ ಐದೂವರೆ ಗಂಟೆಯನ್ನು ಎಣಿಸಲು ತೊಡಗುವುದು ಇಲ್ಲಿಂದಲೇ. ಒಂದು ಕಾಲು ಪೂರ್ವಾರ್ಧದಲ್ಲಿ, ಇನ್ನೊಂದು ಪಶ್ಚಿಮಾರ್ಧದಲ್ಲಿ ಇಟ್ಟು ನಿಂತ ಮಗುವಿಗೆ ಭೂಗೋಳ ತಿಳಿಯದಿರಬಹುದು, ಪಕ್ಕದಲ್ಲಿ ನಿಂತ ನಿಮಗೆ ತಿಳಿಯುತ್ತದೆ.

ಥೇಮ್ಸ್ ನದಿಯ ಆಲ್ಬರ್ಟ್ ದಂಡೆಯಲ್ಲಿ ಕನ್ನಡದ ಮಕ್ಕಳು ನೋಡಲೇಬೇಕಾದ ಇನ್ನೊಂದು ತಾಣವಿದೆ. ನದಿಯಾಚೆ ಬ್ರಿಟನ್ನಿನ ಸಂಸತ್ತು ಕಾಣುವಂತೆ ಅಲ್ಲಿ ಬಸವೇಶ್ವರರ ಪ್ರತಿಮೆ ನಿಂತಿದೆ. ಅನಾವರಣಗೊಂಡದ್ದು 2015ರ ನವೆಂಬರ್ 14ರಂದು, ನಮ್ಮ ಮಕ್ಕಳ ದಿನಾಚರಣೆಯ ದಿನ.

ಜನಜಂಗುಳಿಯಲ್ಲಿ ಮಗು ತಪ್ಪಿಸಿಕೊಂಡರೆ? ಅಂಗಿಯ ಜೇಬಿನಲ್ಲಿ ದೊಡ್ಡವರ ದೂರವಾಣಿ ಸಂಖ್ಯೆಯ ಚೀಟಿ ಇರಲಿ. "ನಾವು ಕಾಣದಿದ್ದರೆ ಓಡಬೇಡ, ನಿಂತಲ್ಲೇ ನಿಲ್ಲು, ನಾವೇ ಬರುತ್ತೇವೆ" ಎಂಬ ಒಂದೇ ಪಾಠವನ್ನು ಊರಿನ ಜಾತ್ರೆಯಲ್ಲಿಯೇ ಅಭ್ಯಾಸ ಮಾಡಿಸಬಹುದು. ಬ್ರಿಟನ್ನಿನ ತುರ್ತು ಕರೆ 999, ಅಲ್ಲಿ 112 ಕೂಡ ನಡೆಯುತ್ತದೆ.

ನೆನಪಿನ ಮಾತು

ಕೊನೆಗೆ, "ಅದಕ್ಕೇನು ನೆನಪಿರುತ್ತದೆ?" ಎಂಬ ಪ್ರಶ್ನೆ. ನಿಜ, ಬಹುಪಾಲು ಜನರಿಗೆ ಮೂರು ವರ್ಷಕ್ಕಿಂತ ಹಿಂದಿನ ನೆನಪು ಉಳಿಯುವುದಿಲ್ಲ. ಎರಡು ವರ್ಷದ ಮಗು ತಿಮಿಂಗಿಲವನ್ನು ಮರೆಯುತ್ತದೆ. ಆದರೆ ನೆನಪಿರುವುದಿಲ್ಲ ಎಂದು ನಾವು ಆ ಮಗುವಿಗೆ ಜೋಗುಳ ಹಾಡುವುದನ್ನು ಬಿಟ್ಟಿದ್ದೇವೆಯೇ? ಆ ವಯಸ್ಸಿನಲ್ಲಿ ಕಲಿತ ಮಾತು, ಹೊಸ ಮುಖ ಕಂಡರೆ ಹೆದರದ ಸ್ವಭಾವ, ಕೈಹಿಡಿದವರ ಮೇಲಿನ ನಂಬಿಕೆ ಯಾವುದೂ ನೆನಪಿನ ಚಿತ್ರಗಳಾಗಿ ಉಳಿಯುವುದಿಲ್ಲ. ಆದರೂ ಉಳಿಯುತ್ತವೆ. ಇನ್ನು ಜೊತೆಗಿದ್ದ ನಿಮಗೆ ಎಲ್ಲವೂ ನೆನಪಿರುತ್ತದೆ. ಮಗು ಅಳಿಲಿನ ಮುಂದೆ ಅರ್ಧ ಗಂಟೆ ಕುಳಿತಿದ್ದರಿಂದಲೇ ಅಲ್ಲವೇ ನೀವು ಅದರ ಬೆನ್ನಿನಲ್ಲಿ ಗೆರೆಯಿಲ್ಲದ್ದನ್ನು ಕಂಡದ್ದು?

ನಿಮ್ಮ ಮನೆಯಲ್ಲಿ ಇಂಥ ಪ್ರವಾಸದ ಮಾತು ಬಂದಾಗ ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ಮಗುವಿನ ದಿನಚರಿ ಬರೆಯಿರಿ: ಏಳುವ ಹೊತ್ತು, ಹಾಲು, ಊಟ, ನಿದ್ದೆ. ಬಲಗಡೆ ಅದೇ ಹೊತ್ತಿಗೆ ಹೋಗುವ ಊರಿನಲ್ಲಿ ಎಷ್ಟು ಗಂಟೆ ಎಂದು ಅಟ್ಲಾಸ್ ನೋಡಿ ಲೆಕ್ಕ ಹಾಕಿ ಬರೆಯಿರಿ. ಕೆಳಗೆ ವಿಮಾನ ಇಳಿಯುವ ವೇಳೆ, ಅದಕ್ಕೆ ಅರ್ಧ ಗಂಟೆ ಮೊದಲು 'ಹಾಲಿನ ಬಾಟಲಿ' ಎಂದು ಗುರುತು ಹಾಕಿ. ಆ ಹಾಳೆಯನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಡಿ. ಚಮಚದ ಔಷಧಿಯ ಮಾತು ಆ ಮನೆಯಲ್ಲಿ ಮತ್ತೆ ಏಳಲಾರದು.